ವಿದೇಶದ ವಿಮಾನ ಟಿಕೆಟ್: ದರಕ್ಕಿಂತ ಮೊದಲು ನೋಡಬೇಕಾದ್ದು

ಗಲ್ಫಿನ ಶಾಲೆಗಳಿಗೆ ರಜೆ ಹತ್ತಿರ ಬಂದಾಗ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಟಿಕೆಟ್ ಇಲ್ಲಿಂದ ತೆಗೆಯುವುದೋ ಅಲ್ಲಿಂದ ತೆಗೆಯುವುದೋ? ಮಂಗಳೂರಿಗೋ ಕಣ್ಣೂರಿಗೋ? ಕ್ಯಾನ್ಸಲ್ ಮಾಡಿದ ದುಡ್ಡು ಯಾಕೆ ಬರಲಿಲ್ಲ? ದರದ ಚಿಂತೆ ಎಲ್ಲರಿಗೂ ಇದೆ, ಅದು ಸಹಜ. ಆದರೆ ದೊಡ್ಡ ಮೊತ್ತ ಕೈಬಿಡುವುದು ಹೆಚ್ಚಾಗಿ ಬೇರೆ ಕಾರಣಗಳಿಂದ: ಹೆಸರು ಪಾಸ್‌ಪೋರ್ಟಿನಂತೆ ಇರುವುದಿಲ್ಲ, ಎರಡು ಬೇರೆ ಟಿಕೆಟ್‌ಗಳ ನಡುವೆ ವಿಮಾನ ತಪ್ಪುತ್ತದೆ, ಬುಕಿಂಗಿನಲ್ಲಿ ಬೇರೆಯವರ ಫೋನ್ ನಂಬರ್ ಇರುತ್ತದೆ. ಆದ್ದರಿಂದ ಇಲ್ಲಿ ದರದ ವಿಷಯ ಮೂರನೇ ಹಂತದಲ್ಲಿ ಬರುತ್ತದೆ.

ಶುರು ಮಾಡುವ ಮೊದಲು ಇವನ್ನು ಎದುರಿಗೆ ಇಟ್ಟುಕೊಳ್ಳಿ: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಅಥವಾ ಇಕಾಮಾದ (ಸೌದಿಯ ವಾಸದ ಪರವಾನಗಿ) ಪ್ರತಿ, ಅಂತರರಾಷ್ಟ್ರೀಯ ಪಾವತಿ ಚಾಲೂ ಇರುವ ಕಾರ್ಡ್, ಓಟಿಪಿ ಬರುವ ಫೋನ್. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಇರಲಿ. ಇಲ್ಲದಿದ್ದರೆ ಮೊದಲು ಅದನ್ನು ಹೊಸದು ಮಾಡಿಸಿ, ಟಿಕೆಟ್ ಆಮೇಲೆ.

ಹಂತ 1: ಹೆಸರು

ನಮ್ಮ ಊರಿನ ಪಾಸ್‌ಪೋರ್ಟ್‌ಗಳ ದೊಡ್ಡ ತಲೆನೋವು ಇದೇ. ಪಾಸ್‌ಪೋರ್ಟಿನಲ್ಲಿ ಎರಡು ಸಾಲು ಇರುತ್ತದೆ. ಒಂದು ಸರ್‌ನೇಮ್, ಅಂದರೆ ಕುಲನಾಮ ಅಥವಾ ಮನೆತನದ ಹೆಸರು. ಇನ್ನೊಂದು ಗಿವನ್ ನೇಮ್, ಅಂದರೆ ಇಟ್ಟ ಹೆಸರು. ಮನೆಯ ಹೆಸರನ್ನೋ ತಂದೆಯ ಹೆಸರನ್ನೋ ಇನಿಶಿಯಲ್ ಮಾಡಿ ಬರೆಯುವ ರೂಢಿ ನಮ್ಮಲ್ಲಿರುವುದರಿಂದ ಬಹಳ ಮಂದಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸಾಲು ಖಾಲಿ ಇರುತ್ತದೆ. ಟಿಕೆಟ್ ಮಾಡುವ ಕಂಪ್ಯೂಟರಾದರೋ ಎರಡೂ ಸಾಲು ತುಂಬಿಸದೆ ಮುಂದೆ ಹೋಗುವುದಿಲ್ಲ.

ಆಗ ಮನಸ್ಸಿಗೆ ಬಂದಂತೆ ತಂದೆಯ ಹೆಸರನ್ನೋ ಜಾತಿಸೂಚಕ ಹೆಸರನ್ನೋ ಹಾಕಬೇಡಿ. ಕೆಲವು ಕಂಪನಿಗಳು ಇಟ್ಟ ಹೆಸರನ್ನೇ ಎರಡೂ ಕಡೆ ಬರೆಯಲು ಹೇಳುತ್ತವೆ, ಕೆಲವು ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕಿಸುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ನೀವು ಹತ್ತುವ ಕಂಪನಿಯ ಪದ್ಧತಿ ಯಾವುದೆಂದು ಅದರ ಜಾಲತಾಣದಲ್ಲಿ ನೋಡಿಯೇ ಬರೆಯಿರಿ. ಒಂದು ಪ್ರಯಾಣದಲ್ಲಿ ಎರಡು ಕಂಪನಿಗಳ ವಿಮಾನ ಇದ್ದರೆ ಎರಡರ ಪದ್ಧತಿಯನ್ನೂ ನೋಡಿ.

ಯುಎಇಗೆ ಭೇಟಿ ವೀಸಾದಲ್ಲಿ ಹೋಗುವವರು ಇನ್ನೂ ಜಾಗ್ರತೆ ವಹಿಸಬೇಕು. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ಪ್ರವೇಶ ಇಲ್ಲ ಎಂಬ ನಿಯಮವನ್ನು ಆ ದೇಶ 2022ರ ನವೆಂಬರಿನಲ್ಲಿ ತಂದಿತು. ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂಬ ವಿವರಣೆ ಆಮೇಲೆ ಬಂತು. ಚೆಕ್-ಇನ್ ಕೌಂಟರಿನಲ್ಲಿ ವಾದ ಮಾಡುವ ಪರಿಸ್ಥಿತಿ ಬೇಡ ಅನ್ನುವವರು ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟನ್ನು ಮರುವಿತರಣೆಗೆ ಕೊಡುವುದು ಒಳ್ಳೆಯದು. ಕಾಸರಗೋಡು ಜಿಲ್ಲೆ ಕೋಝಿಕ್ಕೋಡ್ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಯಲ್ಲಿದೆ. ನಮಗೆ ಹತ್ತಿರದ ದೊಡ್ಡ ಸೇವಾ ಕೇಂದ್ರ ಪಯ್ಯನ್ನೂರಿನದ್ದು. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000. ಆದರೆ ಹಳೆಯ ಪಾಸ್‌ಪೋರ್ಟಿನಲ್ಲಿ ವೀಸಾ ಆಗಿರುವವರು ಹೆಸರು ಬದಲಿಸುವ ಮೊದಲು ಅಲ್ಲಿನ ಕಂಪನಿಯವರನ್ನು ಕೇಳಿಕೊಳ್ಳಿ. ವೀಸಾದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದರೆ ಹೊಸ ತೊಂದರೆ ಶುರುವಾಗುತ್ತದೆ.

ಒಬ್ಬರ ಟಿಕೆಟನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಬರುವುದಿಲ್ಲ. ಅಕ್ಷರ ತಪ್ಪು ಮಾತ್ರ ತಿದ್ದಬಹುದು. ಕಂಪನಿಯ ಜಾಲತಾಣದಲ್ಲೇ ಟಿಕೆಟ್ ತೆಗೆದು 24 ಗಂಟೆಯೊಳಗೆ ತಿಳಿಸಿದರೆ ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು ಶುಲ್ಕವಿಲ್ಲದೆ ತಿದ್ದಬೇಕೆಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ ಮಾಡಿದೆ. ಹೊರಡುವ ದಿನ ಕಣ್ಣಿಗೆ ಬಿದ್ದರೆ ಪ್ರಯೋಜನವಿಲ್ಲ.

ಹಂತ 2: ಯಾವ ನಿಲ್ದಾಣ

ಬಜ್ಪೆಯ ಮಂಗಳೂರು ನಿಲ್ದಾಣ ಮತ್ತು ಮಟ್ಟನ್ನೂರಿನ ಕಣ್ಣೂರು ನಿಲ್ದಾಣ, ಎರಡರಿಂದಲೂ ವಿದೇಶಕ್ಕೆ ಹಾರುವುದು ಭಾರತದ ಕಂಪನಿಗಳು ಮಾತ್ರ. ಎರಡು ದೇಶಗಳ ನಡುವಿನ ವಿಮಾನ ಒಪ್ಪಂದದಲ್ಲಿ ‘ಇಂಥ ಊರುಗಳಲ್ಲಿ ಇಳಿಯಬಹುದು’ ಎಂಬ ಪಟ್ಟಿ ಇರುತ್ತದೆ. ಪಾಯಿಂಟ್ ಆಫ್ ಕಾಲ್ ಎನ್ನುವುದು ಅದಕ್ಕೇ. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣ ಆ ಪಟ್ಟಿಗೆ ಸೇರಲು ಕೇಳುತ್ತಲೇ ಬಂದಿದೆ. ಹೀಗಾಗಿ ಎಮಿರೇಟ್ಸ್, ಕತಾರ್ ಏರ್‌ವೇಸ್‌ನಂಥ ಕಂಪನಿಯಲ್ಲೇ ಲಂಡನ್ನಿಗೋ ಟೊರಾಂಟೊಗೋ ಹೋಗುವುದಾದರೆ ಕೊಚ್ಚಿಗೋ ಬೆಂಗಳೂರಿಗೋ ಹೋಗಿ ಹತ್ತಬೇಕಾಗುತ್ತದೆ. ಹತ್ತಿರದ ಕರಿಪುರಕ್ಕೂ, ಅಂದರೆ ಕೋಝಿಕ್ಕೋಡ್ ನಿಲ್ದಾಣಕ್ಕೂ, ವಿದೇಶಿ ಕಂಪನಿಗಳು ಬರುತ್ತವೆ, ಆದರೆ 2020ರ ಆಗಸ್ಟಿನ ಅಪಘಾತದ ನಂತರ ಅಲ್ಲಿ ದೊಡ್ಡ ವಿಮಾನಗಳಿಗೆ ತಡೆ ಬಿದ್ದದ್ದರಿಂದ ಆಯ್ಕೆ ಕಡಿಮೆಯಾಗಿದೆ.

ಗಲ್ಫಿಗೆ ನೇರ ಹೋಗುವವರು ಎರಡೂ ನಿಲ್ದಾಣಗಳ ದರ ನೋಡಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲದವರಿಗೆ ಬಜ್ಪೆಯೇ ಹತ್ತಿರ. ನೀಲೇಶ್ವರ, ಚೆರ್ವತ್ತೂರು, ತೃಕ್ಕರಿಪುರದವರಿಗೆ ಕಣ್ಣೂರು ಅನುಕೂಲ. ಹೋಲಿಸುವಾಗ ಟ್ಯಾಕ್ಸಿ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ. ರಾತ್ರಿ ಎರಡು ಗಂಟೆಗೆ ಇಳಿಯುವ ವಿಮಾನಕ್ಕೆ ಬಸ್ಸೂ ಇಲ್ಲ, ರೈಲೂ ಇಲ್ಲ.

ಹಂತ 3: ದರ ಹುಡುಕುವುದು

ಪದೇ ಪದೇ ಹುಡುಕಿದರೆ ಕಂಪ್ಯೂಟರ್ ದರ ಏರಿಸುತ್ತದೆ ಎಂದು ನಂಬುವವರಿದ್ದಾರೆ. ದರ ಏರುವುದಕ್ಕೆ ಬೇರೆ ಕಾರಣ ಇದೆ. ಒಂದೇ ವಿಮಾನದ ಸೀಟುಗಳನ್ನು ಕಂಪನಿ ಬೇರೆ ಬೇರೆ ದರದ ಗುಂಪುಗಳಾಗಿ ಹಂಚಿಡುತ್ತದೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಜನಕ್ಕೆ ಹುಡುಕಿದರೆ, ನಾಲ್ವರಿಗೂ ಮೇಲಿನ ಗುಂಪಿನ ದರವೇ ಬರುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಮತ್ತೆ ಇಬ್ಬರಿಗೆ, ಆಮೇಲೆ ಎಲ್ಲರಿಗೆ ಹುಡುಕಿ ನೋಡಿ. ತಲಾ ದರದಲ್ಲಿ ವ್ಯತ್ಯಾಸ ಕಂಡರೆ ಇಬ್ಬಿಬ್ಬರಂತೆ ತೆಗೆಯಿರಿ. ಚಿಕ್ಕ ಮಕ್ಕಳು ಮಾತ್ರ ದೊಡ್ಡವರ ಬುಕಿಂಗಿನಲ್ಲೇ ಇರಲಿ.

ಜುಲೈ ಮೊದಲ ವಾರದಲ್ಲಿ ಗಲ್ಫಿನಿಂದ ಊರಿಗೆ, ಆಗಸ್ಟ್ ಕೊನೆಯಲ್ಲಿ ಊರಿನಿಂದ ಗಲ್ಫಿಗೆ ದರ ಏರುವುದು ಯುಎಇಯ ಶಾಲಾ ರಜೆಯಿಂದ. ಪೆರ್ನಾಲ್ (ಈದ್), ಓಣಂ ಹತ್ತಿರವೂ ಹಾಗೆಯೇ. ಈ ದಿನಗಳ ಟಿಕೆಟ್ ಕೊನೆಗೆ ಅಗ್ಗವಾಗುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ. ರಜೆಯ ದಿನ ನಿಮ್ಮ ಕೈಯಲ್ಲಿದ್ದರೆ ನಾಲ್ಕು ದಿನ ಆಚೀಚೆ ಮಾಡಿ ನೋಡಿ, ಉಳಿತಾಯ ನಿಜವಾಗಿ ಆಗುವುದು ಅಲ್ಲಿ.

ದಿನಾಂಕದಲ್ಲಿ ಒಂದು ದೊಡ್ಡ ಹೊಂಡವಿದೆ. ವಿಮಾನ 15ರಂದು 00:30ಕ್ಕೆ ಎಂದಿದ್ದರೆ ನೀವು ಮನೆಯಿಂದ ಹೊರಡಬೇಕಾದ್ದು 14ರ ಸಂಜೆ. 15ರ ರಾತ್ರಿ ನಿಲ್ದಾಣಕ್ಕೆ ಹೋಗಿ, ವಿಮಾನ ಹಿಂದಿನ ರಾತ್ರಿಯೇ ಹೋಗಿದೆ ಎಂದು ತಿಳಿದು ಮರಳುವವರು ಈಗಲೂ ಇದ್ದಾರೆ. ಟಿಕೆಟಿನಲ್ಲಿ ಬರೆದ ಸಮಯ ಆಯಾ ಊರಿನದ್ದು. ಯುಎಇ ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಅಮೆರಿಕದ ಜಾಲತಾಣಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರುತ್ತದೆ. ಅಲ್ಲಿ 05/07 ಅಂದರೆ ಮೇ 7.

ಕೆಲಸದ ವೀಸಾದವರು ಹಿಂದಿರುಗುವ ದಿನವನ್ನು ವೀಸಾದ ಜೊತೆ ಹೊಂದಿಸಿ ನೋಡಿ. ಸೌದಿಯಿಂದ ಬರುವವರಿಗೆ ಎಕ್ಸಿಟ್ ರೀ-ಎಂಟ್ರಿಯ, ಅಂದರೆ ಹೊರಗೆ ಹೋಗಿ ಮತ್ತೆ ಒಳಬರಲು ಕೊಡುವ ಅನುಮತಿಯ, ಕೊನೆಯ ದಿನ ಮುಖ್ಯ. ಯುಎಇಯ ಸಾಮಾನ್ಯ ವಾಸದ ವೀಸಾ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಸೀಟಿಲ್ಲದ ಟಿಕೆಟ್ ಸಾಕು. ಆದರೆ ಊರಲ್ಲಿ ರಜೆ ಕಳೆಯುವಾಗ ಎರಡು ತುಂಬಿತು ಎಂದಾದರೆ ಹಿಂದಿರುಗುವಾಗ ಮಗುವಿಗೆ ಸೀಟು ಬೇಕೇ ಬೇಕು. ಅದನ್ನು ಮೊದಲೇ ಹೇಳಿ ತೆಗೆಯಿರಿ.

ಹಂತ 4: ಒಂದೇ ಟಿಕೆಟೋ, ಎರಡು ತುಂಡೋ

ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಮಂಗಳೂರಿನಿಂದ ಮುಂಬೈಗೆ ಒಂದು ಟಿಕೆಟ್, ಮುಂಬೈಯಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಹೀಗೆ ಬೇರೆ ಬೇರೆ ತೆಗೆದರೆ ಕೆಲವು ಸಾವಿರ ಉಳಿಯುತ್ತದೆ. ಆದರೆ ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ. ಅವರ ಲೆಕ್ಕದಲ್ಲಿ ನೀವು ‘ನೋ-ಶೋ’, ಅಂದರೆ ಹೇಳದೆ ಕೇಳದೆ ಬಾರದೆ ಉಳಿದವರು. ಹೊಸ ಟಿಕೆಟನ್ನು ಆ ದಿನದ ದರದಲ್ಲಿ ನೀವೇ ಕೊಳ್ಳಬೇಕು. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಜವಾಬ್ದಾರಿ ಕಂಪನಿಯದ್ದು. ಪಿಎನ್‌ಆರ್ ಅಂದರೆ ಅಕ್ಷರ, ಅಂಕಿ ಸೇರಿ ಆರು ಗುರುತಿನ ಬುಕಿಂಗ್ ಸಂಖ್ಯೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಡು ಟಿಕೆಟ್ ತೆಗೆಯಲೇಬೇಡಿ. ಬಜ್ಪೆಯದ್ದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್-ಟಾಪ್ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದು ಕಣ್ಣಳತೆ ಕಡಿಮೆಯಾದರೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ತಿರುಗಿಸುತ್ತಾರೆ. ಹಾಗೆ ತಿರುಗಿಸಿದ ದಿನ ಮೂರು ಗಂಟೆಯ ಅಂತರ ಸಾಲುವುದಿಲ್ಲ. ತುಂಡು ಟಿಕೆಟ್ ತೆಗೆಯದೆ ಬೇರೆ ದಾರಿಯೇ ಇಲ್ಲದವರು ಹಿಂದಿನ ದಿನವೇ ಹೋಗಿ ಆ ಊರಿನಲ್ಲಿ ಉಳಿಯಿರಿ.

ಊರಿಗೆ ಬರುವಾಗ ಇನ್ನೊಂದು ವಿಷಯ. ದುಬೈಯಿಂದ ಮುಂಬೈ ಮೂಲಕ ಮಂಗಳೂರಿಗೆ ಬಂದರೆ ಇಮಿಗ್ರೇಶನ್ ಮತ್ತು ಕಸ್ಟಮ್ಸ್ ಆಗುವುದು ಮುಂಬೈಯಲ್ಲಿ. ಒಂದೇ ಟಿಕೆಟ್ ಆಗಿದ್ದರೂ ಸಾಮಾನ್ಯವಾಗಿ ಅಲ್ಲಿ ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕಾಗುತ್ತದೆ. ಮುಂಬೈಯ ಟರ್ಮಿನಲ್ 1 ಮತ್ತು 2 ಬೇರೆ ಬೇರೆ ಜಾಗಗಳಲ್ಲಿವೆ, ನಡುವೆ ಊರಿನ ರಸ್ತೆಯಲ್ಲೇ ಹೋಗಬೇಕು. ಬೆಂಗಳೂರಿನಲ್ಲಿ ವಿದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿವೆ. ಒಳನಾಡಿನ ಹಲವು ವಿಮಾನಗಳು ಟರ್ಮಿನಲ್ 1ರಿಂದ ಹೊರಡುತ್ತವೆ. ಒಂದೇ ಟಿಕೆಟ್ ಆದರೂ ನಾಲ್ಕು ಗಂಟೆಯ ಅಂತರ ಇರಲಿ.

ಹೊರದೇಶದಲ್ಲಿ ವಿಮಾನ ಬದಲಿಸುವವರು ಟ್ರಾನ್ಸಿಟ್ ವೀಸಾ ಬೇಕೇ ಎಂದು ನೋಡಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲೂ ಭಾರತೀಯರಿಗೆ ಅಲ್ಲಿನ ವೀಸಾ ಬೇಕು. ತುಂಡು ಟಿಕೆಟ್ ಆದರೆ ಲಗೇಜ್ ತೆಗೆಯಲು ಆ ದೇಶದ ಒಳಗೇ ಹೋಗಬೇಕಾಗುತ್ತದೆ, ಅದಕ್ಕೂ ವೀಸಾ ಬೇಕು. ವೀಸಾ ಇಲ್ಲದಿದ್ದರೆ ಬಜ್ಪೆಯ ಕೌಂಟರಿನಲ್ಲೇ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ.

ಹೋಗಿ ಬರುವ ಟಿಕೆಟಿನಲ್ಲಿ ಮೊದಲ ಹಾರಾಟಕ್ಕೆ ನೀವು ಹೋಗದಿದ್ದರೆ ಬಹಳ ಕಂಪನಿಗಳಲ್ಲಿ ಉಳಿದದ್ದೆಲ್ಲ ತಾನಾಗಿ ರದ್ದಾಗುತ್ತದೆ. ದುಬೈ–ಮಂಗಳೂರು–ದುಬೈ ಟಿಕೆಟ್ ಇದ್ದು, ಮನೆಯಲ್ಲಿ ಯಾರಿಗೋ ತುರ್ತಾಯಿತೆಂದು ಎರಡು ದಿನ ಮೊದಲೇ ಬೇರೆ ವಿಮಾನದಲ್ಲಿ ಕಣ್ಣೂರಿಗೆ ಬಂದರೆ, ಹಿಂದಿರುಗುವ ಟಿಕೆಟ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಹೊರಡುವ ಮೊದಲೇ ಕಂಪನಿಗೆ ಹೇಳಿ ದಿನ ಬದಲಿಸಿಕೊಳ್ಳಿ. ಹೀಗೆ ತುರ್ತು ಬರಬಹುದಾದವರು, ವಯಸ್ಸಾದ ತಂದೆತಾಯಿ ಊರಲ್ಲಿರುವವರು, ಹೋಗುವುದಕ್ಕೊಂದು ಬರುವುದಕ್ಕೊಂದು ಬೇರೆ ಟಿಕೆಟ್ ತೆಗೆಯುವುದೇ ವಾಸಿ.

ಹಂತ 5: ಯಾರಿಂದ ಕೊಳ್ಳುವುದು, ಹೇಗೆ ಹಣ ಕೊಡುವುದು

ದರ ಹೋಲಿಸಲು ಯಾವ ಜಾಲತಾಣವಾದರೂ ಸರಿ, ಕೊಳ್ಳುವುದು ಮಾತ್ರ ವಿಮಾನ ಕಂಪನಿಯಿಂದಲೇ ಆಗಲಿ. ನಡುವೆ ಇನ್ನೊಬ್ಬರಿದ್ದರೆ ದಿನ ಬದಲಿಸಲೂ ಹಣ ಹಿಂದೆ ಪಡೆಯಲೂ ಅವರ ಬೆನ್ನು ಹತ್ತಬೇಕು, ಅವರ ಶುಲ್ಕವೂ ಸೇರುತ್ತದೆ. ಊರಿನ ಟ್ರಾವೆಲ್ಸ್‌ನವರ ಉಪಯೋಗ ಇಲ್ಲವೆಂದಲ್ಲ. ಉಮ್ರಾ ಗುಂಪು, ವೀಲ್‌ಚೇರ್ ಬೇಕಾದವರು, ಮೊದಲ ಬಾರಿ ಒಬ್ಬರೇ ಹೋಗುವ ಅಮ್ಮಂದಿರು, ಇಂಥವರಿಗೆ ಪರಿಚಯದ ಏಜೆಂಟರಿಂದ ನಿಜವಾದ ಸಹಾಯ ಆಗುತ್ತದೆ. ಆಗಲೂ ಎರಡು ವಿಷಯ ಬಿಡಬೇಡಿ: ಬಿಲ್ ಪಡೆಯಿರಿ, ಬುಕಿಂಗಿನಲ್ಲಿ ನಿಮ್ಮದೇ ಫೋನ್ ನಂಬರ್ ಮತ್ತು ಇ-ಮೇಲ್ ಹಾಕಿಸಿ.

ಆ ನಂಬರ್ ಯಾವುದು ಎಂಬುದೂ ಮುಖ್ಯ. ಗಲ್ಫಿನಲ್ಲಿ ಟಿಕೆಟ್ ತೆಗೆದವರು ಅಲ್ಲಿನ ಸಿಮ್ ನಂಬರ್ ಕೊಟ್ಟಿರುತ್ತಾರೆ, ಊರಿಗೆ ಬಂದ ಮೇಲೆ ಆ ಸಿಮ್ ತೆಗೆದಿಟ್ಟಿರುತ್ತಾರೆ. ವಿಮಾನದ ಸಮಯ ಬದಲಾದ ಸಂದೇಶ ಅಲ್ಲಿಗೇ ಹೋಗುತ್ತದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ, ಬದಲಾಗುತ್ತದೆ. ಆ ದಿನಗಳನ್ನು ದಾಟಿ ಮುಂದಿನ ತಿಂಗಳಿಗೆ ಟಿಕೆಟ್ ತೆಗೆದವರು ವಾರಕ್ಕೊಮ್ಮೆ ಕಂಪನಿಯ ಜಾಲತಾಣದಲ್ಲಿ ಸಮಯ ನೋಡುತ್ತಿರಿ.

ಇಲ್ಲಿಂದ ತೆಗೆಯಬೇಕೋ ಅಲ್ಲಿಂದಲೋ ಎಂಬ ಪ್ರಶ್ನೆಗೆ ಉತ್ತರ: ದರ ನಿಂತಿರುವುದು ಪ್ರಯಾಣ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ. ದುಬೈಯಿಂದ ಹೊರಡುವ ಟಿಕೆಟನ್ನು ಕಾಸರಗೋಡಿನಲ್ಲಿ ಕೂತು ತೆಗೆದರೂ ದರ ಸಾಮಾನ್ಯವಾಗಿ ದಿರ್ಹಮ್‌ನಲ್ಲೇ ಬರುತ್ತದೆ. ನಿಮ್ಮ ಬ್ಯಾಂಕು ಅದಕ್ಕೆ ಸಾಮಾನ್ಯವಾಗಿ ಶೇಕಡ 2ರಿಂದ 3.5ರಷ್ಟು ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ ಶೇಕಡ 18 ಜಿಎಸ್‌ಟಿ ಹಾಕುತ್ತದೆ. 30,000 ರೂಪಾಯಿಯ ಟಿಕೆಟಿಗೆ ಶೇಕಡ 3.5 ಅಂದರೆ 1,050, ಅದರ ಮೇಲೆ ಜಿಎಸ್‌ಟಿ 189, ಒಟ್ಟು 1,239 ರೂಪಾಯಿ ಜಾಸ್ತಿ. ಅಲ್ಲಿರುವ ಅಣ್ಣನೋ ಭಾವನೋ ಅಲ್ಲಿನ ಕಾರ್ಡಿನಲ್ಲಿ ಕೊಟ್ಟರೆ ಇದು ಉಳಿಯುತ್ತದೆ. ಪಾವತಿಯ ಪುಟದಲ್ಲಿ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡ ಅನ್ನಿ, ಟಿಕೆಟಿನ ಮೂಲ ಹಣದಲ್ಲೇ ಕೊಡಿ. ಆ ಅನುಕೂಲದ ಹೆಸರಿನಲ್ಲಿ ವಿನಿಮಯ ದರವನ್ನು ಅವರೇ ನಿಗದಿ ಮಾಡುತ್ತಾರೆ, ಅದು ಬ್ಯಾಂಕಿನದ್ದಕ್ಕಿಂತ ತುಟ್ಟಿ.

ಬೇರೆಯವರ ಕಾರ್ಡಿನಿಂದ ತೆಗೆದಾಗ ಕೆಲವು ಕಂಪನಿಗಳು ಚೆಕ್-ಇನ್ ವೇಳೆ ಆ ಕಾರ್ಡನ್ನು ತೋರಿಸಲು ಕೇಳುತ್ತವೆ. ಟಿಕೆಟ್ ಷರತ್ತಿನಲ್ಲಿ ಹಾಗೆ ಬರೆದಿದ್ದರೆ ಕಾರ್ಡಿನವರಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಿ. ಭಾರತದ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ಪಾವತಿ ಮೊದಲಿಗೆ ಬಂದ್ ಇರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು.

ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡಿನಲ್ಲಿ ಕೊಡುವುದು ಸುರಕ್ಷಿತ. 2019ರಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಎರಡನೆಯದು ಕಣ್ಣೂರಿನಿಂದ ಗಲ್ಫಿಗೆ ಹಾರುತ್ತಿತ್ತು. ಇಂಥ ಹೊತ್ತಿನಲ್ಲಿ ‘ಕೊಂಡ ಸೇವೆ ಸಿಗಲಿಲ್ಲ’ ಎಂದು ಕಾರ್ಡಿನ ಬ್ಯಾಂಕಿಗೆ ತಕರಾರು ಕೊಡುವ ದಾರಿ ಇರುತ್ತದೆ. ಚಾರ್ಜ್‌ಬ್ಯಾಕ್ ಅಂದರೆ ಅದು. ನಗದು ಕೊಟ್ಟವರಿಗೆ ಆ ದಾರಿ ಇಲ್ಲ.

ವೀಸಾ ಕ್ಯಾನ್ಸಲ್ ಮಾಡಿ ಊರಿಗೇ ಬರುವವರು ಗಮನಿಸಿ. ಹಣ ಹಿಂದಿರುಗುವುದು ಕೊಟ್ಟ ಖಾತೆಗೇ. ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಿ ಬಂದ ಮೇಲೆ ವಿಮಾನ ಕಂಪನಿ ಹಣ ಕಳಿಸಿದರೆ ಅದು ನಡುವೆ ಸಿಕ್ಕಿಬೀಳುತ್ತದೆ. ಕೊನೆಯ ಟಿಕೆಟಿಗೆ ಮುಚ್ಚಲಿರುವ ಖಾತೆಯ ಕಾರ್ಡ್ ಬಳಸಬೇಡಿ.

ಹಂತ 6: ಕೊಂಡ ಕೂಡಲೇ ಪರೀಕ್ಷಿಸಿ

ಕಂಪನಿಯ ಜಾಲತಾಣಕ್ಕೆ ಹೋಗಿ ಪಿಎನ್‌ಆರ್ ಮತ್ತು ಸರ್‌ನೇಮ್ ಹಾಕಿ ಬುಕಿಂಗ್ ತೆರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ನಂಬಬೇಡಿ. ಸೀಟು ಹಿಡಿದಿಡುವುದೇ ಬೇರೆ, ಟಿಕೆಟ್ ಹೊರಡಿಸುವುದೇ ಬೇರೆ. ಪಿಎನ್‌ಆರ್ ಮಾತ್ರ ಇದ್ದು ಹಣ ಸಂದಾಯವಾಗದಿದ್ದರೆ ಆ ಬುಕಿಂಗ್ ಕೆಲವು ಗಂಟೆಗಳಲ್ಲಿ ಕರಗಿಹೋಗುತ್ತದೆ. ಟಿಕೆಟ್ ಹೊರಟದ್ದಕ್ಕೆ ಸಾಕ್ಷಿ 13 ಅಂಕಿಯ ಇ-ಟಿಕೆಟ್ ಸಂಖ್ಯೆ. ಅದರ ಮೊದಲ ಮೂರು ಅಂಕಿ ಕಂಪನಿಯ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಕತಾರ್ ಏರ್‌ವೇಸ್ 157. ಅಗ್ಗದ ದರದ ಕೆಲವು ಕಂಪನಿಗಳಲ್ಲಿ ಈ ಸಂಖ್ಯೆ ಇರುವುದಿಲ್ಲ, ಅಲ್ಲಿ ‘ಕನ್ಫರ್ಮ್ಡ್’ ಎಂದು ತೋರಿಸಬೇಕು.

ಹೊಸ ವೀಸಾದಲ್ಲಿ ಹೋಗುವವರಿಗೆ ಕೆಲವು ಕಂಪನಿಗಳಲ್ಲಿ ‘ಓಕೆ ಟು ಬೋರ್ಡ್’ ಬೇಕಾಗುತ್ತದೆ. ವೀಸಾ ಪರಿಶೀಲಿಸಿ ಬುಕಿಂಗಿಗೆ ಕಂಪನಿ ಹಾಕುವ ಒಪ್ಪಿಗೆ ಅದು. ಎರಡು ಮೂರು ದಿನ ಮೊದಲೇ ಕೇಳಿ ಹಾಕಿಸಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿದ್ದವರು ಗಲ್ಫಿಗೆ ಕೆಲಸಕ್ಕೆ ಹೊರಟರೆ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಆದ ಮೇಲೆಯೇ ಟಿಕೆಟ್ ತೆಗೆಯಿರಿ. ಹತ್ತನೇ ತರಗತಿ ಪಾಸಾದವರಿಗೆ ಇದು ಬೇಕಾಗುವುದಿಲ್ಲ.

ಹಂತ 7: ಲಗೇಜ್

‘ಲೈಟ್’ ಎಂಬ ಹೆಸರಿನ ಅಗ್ಗದ ದರದಲ್ಲಿ ಹೆಚ್ಚಾಗಿ ಕೈಚೀಲದ 7 ಕಿಲೋ ಬಿಟ್ಟರೆ ಬೇರೇನೂ ಇರುವುದಿಲ್ಲ. ಬೇಕಾದ ತೂಕವನ್ನು ಟಿಕೆಟಿನ ಜೊತೆಗೇ ಕೊಳ್ಳಿ, ಕೌಂಟರಿನಲ್ಲಿ ಕೊಡುವ ಕಿಲೋ ದರ ಬಹಳ ದುಬಾರಿ. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದು. ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ, ದುಂಡಗಿನ ಮೂಟೆಗಳನ್ನು ದುಬೈ ಮತ್ತು ಜಿದ್ದಾದಲ್ಲಿ ತೆಗೆದುಕೊಳ್ಳುವುದಿಲ್ಲ. ಚಪ್ಪಟೆ ತಳ ಇರುವ ಪೆಟ್ಟಿಗೆಯೇ ಬೇಕು.

ನಮ್ಮವರು ಕಟ್ಟಿಕೊಡುವ ವಸ್ತುಗಳಲ್ಲಿ ಎರಡನ್ನು ತೆಗೆದಿಡಿ. ಕೊಬ್ಬರಿ ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ಸರಕು ಎಂದು ವಿಮಾನದ ನಿಯಮಗಳಲ್ಲಿದೆ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಪಾಯಸಕ್ಕೆಂದು ಹಾಕಿದ ಸಣ್ಣ ಪೊಟ್ಟಣವೂ ಜೈಲಿನವರೆಗೆ ಒಯ್ಯಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಹಂತ 8: ಹೊರಡುವ ದಿನ

ವಿದೇಶದ ವಿಮಾನಕ್ಕೆ ಕೌಂಟರ್ ಮುಚ್ಚುವುದು ಹೊರಡುವ 60ರಿಂದ 75 ನಿಮಿಷ ಮೊದಲು. ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ. ಬಜ್ಪೆಗೆ ಹೋಗುವವರು ತಲಪಾಡಿ ಟೋಲ್, ನೇತ್ರಾವತಿ ಸೇತುವೆ, ಪಂಪ್‌ವೆಲ್‌ಗೆಂದು ಬೇರೆಯೇ ಒಂದು ಗಂಟೆ ಇಟ್ಟುಕೊಳ್ಳಿ. ವಿಮಾನ ಬೇರೆ ಊರಿಗೆ ತಿರುಗಿದರೆ ಸಿಬ್ಬಂದಿ ಹೇಳುವವರೆಗೆ ಇಳಿದು ಹೋಗಬೇಡಿ, ಹೆಚ್ಚಿನ ಸಲ ಅದೇ ವಿಮಾನ ಮತ್ತೆ ಮಂಗಳೂರಿಗೆ ಬರುತ್ತದೆ.

ಹಂತ 9: ರದ್ದಾದರೆ, ಲಗೇಜ್ ಬಾರದಿದ್ದರೆ

ಕಂಪನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಆಯ್ಕೆ ನಿಮ್ಮದು. ಮುಂದೆ ಬಳಸುವ ವೋಚರ್ ಕೊಟ್ಟರೆ ತೆಗೆದುಕೊಳ್ಳಲೇಬೇಕೆಂದಿಲ್ಲ. ನೀವೇ ರದ್ದು ಮಾಡಿದರೆ, ‘ಹಣ ವಾಪಸಿಲ್ಲ’ ಎಂಬ ಟಿಕೆಟ್ ಆಗಿದ್ದರೂ, ವಿಮಾನಕ್ಕೆ ಹೋಗದೆ ಉಳಿದಿದ್ದರೂ, ಭಾರತೀಯ ಕಂಪನಿಗಳು ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆ ಶುಲ್ಕವನ್ನು ಹಿಂದಿರುಗಿಸಬೇಕು. ಕೇಳದವರಿಗೆ ಅದು ಸಿಗುವುದು ಕಷ್ಟ, ಬರವಣಿಗೆಯಲ್ಲಿ ಕೇಳಿ. ಯೂರೋಪ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ ಕಂಪನಿಯ ಕಾರಣದಿಂದ ಬಹಳ ತಡವಾದರೆ ದೂರಕ್ಕೆ ತಕ್ಕಂತೆ ಪರಿಹಾರ ಕೇಳುವ ಹಕ್ಕಿದೆ. ಭಾರತದವರೆಗಿನ ದೂರಕ್ಕೆ ಅದು 600 ಯೂರೊವರೆಗೆ ಇರುತ್ತದೆ.

ಲಗೇಜ್ ಬಾರದಿದ್ದರೆ, ಒಡೆದಿದ್ದರೆ, ನಿಲ್ದಾಣದಿಂದ ಹೊರಬೀಳುವ ಮೊದಲೇ ಕೌಂಟರಿನಲ್ಲಿ ಪಿಐಆರ್ ಬರೆಸಿ. ಅದು ಲಗೇಜ್ ದೂರಿನ ನಮೂನೆ. ಅದರ ನಕಲು, ಲಗೇಜಿನ ಚೀಟಿ, ಬೋರ್ಡಿಂಗ್ ಪಾಸ್ ಮೂರೂ ಬೇಕು. ಭಾರತವೂ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯಾದ ಲಗೇಜಿಗೆ 7 ದಿನದೊಳಗೆ, ತಡವಾಗಿ ಸಿಕ್ಕಿದ್ದಕ್ಕೆ ಅದು ಕೈಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಮೊಕದ್ದಮೆ ಹೂಡಲು ಎರಡು ವರ್ಷದ ಅವಧಿ ಇದೆ.

ಕಂಪನಿಯ ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಮೇಲೆ ಕಾಣುವ ನಂಬರ್‌ಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಕಂಪನಿಯ ಜಾಲತಾಣದಿಂದಲೇ ತೆಗೆದುಕೊಳ್ಳಿ. ಹಣ ವಾಪಸು ಕೊಡುತ್ತೇವೆಂದು ಓಟಿಪಿ ಕೇಳಿದರೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿ ಉತ್ತರ ಕೊಡದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ಪಿಎನ್‌ಆರ್, ಬಿಲ್, ಪತ್ರವ್ಯವಹಾರ ಸೇರಿಸಿ ದೂರು ಹಾಕಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು.